ಒಬ್ಬನೇ ಆಡುವ ಹಳೆಯ ಡಂಜನ್ ಆಟ: ಬಾಗಿಲಿನ ಆಚೆ ಏನಿದೆ ಎಂದು ಯಾರು ಹೇಳಬೇಕು?

ಕಂದೀಲು

ಜೊತೆಗೆ ಆಡುತ್ತಿದ್ದವರು ಮದುವೆ, ವರ್ಗಾವಣೆ, ವಿದೇಶ ಎಂದು ಚದುರಿಹೋಗಿದ್ದಾರೆ. ವಿಡಿಯೊ ಕರೆಯಲ್ಲಿ ಆಡೋಣವೆಂದರೆ ಎಲ್ಲರ ಬಿಡುವು ಒಂದೇ ಹೊತ್ತಿಗೆ ಕೂಡಿಬರುವುದಿಲ್ಲ. ಹಾಗಾಗಿ ಒಬ್ಬನೇ ಆಡಲು ಕುಳಿತಿದ್ದೇನೆ. ನಿಯಮಗಳು ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ನೆಲಮಾಳಿಗೆಗಳನ್ನು (ಡಂಜನ್) ಶೋಧಿಸುವ ಆಟದ 1981ರ ಬೇಸಿಕ್ ಮತ್ತು ಎಕ್ಸ್‌ಪರ್ಟ್ ಪೆಟ್ಟಿಗೆಗಳವು. ಕೈಯಲ್ಲಿರುವ ಪುಸ್ತಕ ಮಾತ್ರ ಅವನ್ನೇ ಗ್ಯಾವಿನ್ ನಾರ್ಮನ್ ಓರಣವಾಗಿ ಮರುಜೋಡಿಸಿದ ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್.

ತೊಂದರೆ ಏನೆಂದರೆ, ಆಟ ನಡೆಸಿಕೊಡುವ ಡಂಜನ್ ಮಾಸ್ಟರ್ ಇಲ್ಲದ್ದರಿಂದ ಹೌದು ಅಥವಾ ಇಲ್ಲ ಎಂದು ಉತ್ತರ ಕೊಡುವ ಒರೇಕಲ್ ಪಟ್ಟಿಯೊಂದನ್ನು ಬಳಸುತ್ತಿದ್ದೇನೆ. ಬಾಗಿಲಿಗೆ ಬೀಗ ಇದೆಯೇ? ದಾಳ ಉರುಳಿಸು. ಒಳಗೆ ಯಾರಾದರೂ ಇದ್ದಾರೆಯೇ? ಮತ್ತೆ ದಾಳ. ಅವರಿಗೆ ನನ್ನ ಸದ್ದು ಕೇಳಿಸಿತೇ? ಇನ್ನೊಮ್ಮೆ ದಾಳ. ಅರ್ಧ ಗಂಟೆ ಕಳೆದರೂ ಒಂದು ಕೋಣೆ ಮುಗಿಯುವುದಿಲ್ಲ. ಮುಗಿದಾಗ ನೋಡಿದರೆ ಎಲ್ಲವೂ ನಾನು ಮೊದಲೇ ಊಹಿಸಿದಂತೆ ನಡೆದಿರುತ್ತದೆ, ಏಕೆಂದರೆ ಪ್ರಶ್ನೆ ಹೊಂದಿಸಿದವನೂ ನಾನೇ. ಇದರಲ್ಲಿ ಅಂಜಿಕೆಯೇ ಇಲ್ಲ.

ನೀವೆಲ್ಲ ಹೇಗೆ ಆಡುತ್ತೀರಿ? ಕಂಪ್ಯೂಟರ್ ಆಟ ಆಡು, ಚಾಟ್‌ಬಾಟನ್ನು ಕೇಳು ಎಂಬ ಸಲಹೆ ಬೇಡ. ಕಾಗದ, ಪೆನ್ಸಿಲ್, ದಾಳ ಇಷ್ಟರಲ್ಲೇ ಆಗಬೇಕು.

ಗ್ರಾಫ್‌ಹಾಳೆ

ನೀವು ಒರೇಕಲ್‌ಗೆ ಕೇಳುತ್ತಿರುವ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ನಿಮ್ಮ ಕೈಯಲ್ಲಿರುವ ಪುಸ್ತಕದಲ್ಲೇ ಉತ್ತರ ಇದೆ. ಹಳೆಯ ನಿಯಮಗಳು ಒಂಟಿ ಆಟಕ್ಕೆ ಒದಗುವುದು ಇದೇ ಕಾರಣಕ್ಕೆ. ಅವು ಡಂಜನ್ ಮಾಸ್ಟರನ ಎಷ್ಟೋ ತೀರ್ಮಾನಗಳನ್ನು ಅವನ ಕೈಯಿಂದ ಕಿತ್ತುಕೊಂಡು ದಾಳಕ್ಕೆ ಒಪ್ಪಿಸಿವೆ. ಮಾಸ್ಟರ್ ಇಲ್ಲದಿದ್ದರೂ ಆ ದಾಳ ಅಲ್ಲೇ ಇರುತ್ತದೆ.

ಮೊದಲು ಸಮಯದ ಲೆಕ್ಕ ಹಿಡಿಯಿರಿ. ಒಂದು ಟರ್ನ್ ಎಂದರೆ ಹತ್ತು ನಿಮಿಷ. ಪಂಜು ಆರು ಟರ್ನ್ ಉರಿಯುತ್ತದೆ, ಲಾಂದ್ರಕ್ಕೆ ಹಾಕಿದ ಒಂದು ಬುಡ್ಡಿ ಎಣ್ಣೆ ಇಪ್ಪತ್ತನಾಲ್ಕು ಟರ್ನ್ ಬರುತ್ತದೆ. ಐದು ಟರ್ನ್ ತಿರುಗಾಡಿದರೆ ಆರನೆಯದರಲ್ಲಿ ಕುಳಿತು ದಣಿವಾರಿಸಿಕೊಳ್ಳಬೇಕು. ಎರಡು ಟರ್ನ್‌ಗೊಮ್ಮೆ ಆರು ಮುಖದ ದಾಳ ಉರುಳಿಸಿ, 1 ಬಿದ್ದರೆ ಅಲೆದಾಡುವ ಜೀವಿಯೊಂದು ಎದುರಾಗುತ್ತದೆ. ಅಂದರೆ ಒಂದು ಪಂಜು ಉರಿದು ಮುಗಿಯುವಷ್ಟರಲ್ಲಿ ಮೂರು ಸಲ ಆ ದಾಳ ಉರುಳುತ್ತದೆ, ಒಮ್ಮೆಯಾದರೂ ಯಾರಾದರೂ ಎದುರಾಗುವ ಸಾಧ್ಯತೆ ಸುಮಾರು ಶೇ 42. ಹಾಳೆಯ ಅಂಚಿನಲ್ಲಿ ಆರು ಚೌಕ ಗೀಚಿಕೊಂಡು ಒಂದೊಂದಾಗಿ ಕಪ್ಪು ಮಾಡುತ್ತಾ ಹೋಗಿ. ಇಲ್ಲ ಎನ್ನುತ್ತೀರಲ್ಲ, ಆ ಅಂಜಿಕೆ ಅಲ್ಲಿಂದಲೇ ಬರುತ್ತದೆ.

ಕೋಣೆಯ ಒಳಗೇನಿದೆ? ಒಂದು ದಾಳ ಸಾಕು. 1 ಅಥವಾ 2 ಬಿದ್ದರೆ ಜೀವಿ, 3 ಬಿದ್ದರೆ ಬಲೆ, 4 ಬಿದ್ದರೆ ಏನೋ ವಿಚಿತ್ರ, 5 ಅಥವಾ 6 ಬಿದ್ದರೆ ಖಾಲಿ. ನಿಧಿಗೆ ಇನ್ನೊಂದು ದಾಳ. ಅವರು ನಿಮ್ಮನ್ನು ಕಂಡರೇ? ಅದಕ್ಕೆ ಬೆಚ್ಚಿಬೀಳುವ ದಾಳ ಇದೆ, 1 ಅಥವಾ 2 ಬಿದ್ದ ಪಕ್ಷ ಬೆಚ್ಚುತ್ತದೆ. ಎಷ್ಟು ದೂರದಲ್ಲಿದ್ದಾರೆ? ಎರಡು ದಾಳಗಳ ಮೊತ್ತವನ್ನು ಹತ್ತರಿಂದ ಗುಣಿಸಿ, ಅಷ್ಟು ಅಡಿ. ಜಗಳಕ್ಕೆ ಬಂದರೇ, ಮಾತಿಗೆ ಬಂದರೇ? ಅದಕ್ಕೆ ಪ್ರತಿಕ್ರಿಯೆಯ ಪಟ್ಟಿ. ಸಾಯುವವರೆಗೂ ಹೊಡೆದಾಡುತ್ತಾರೆಯೇ? ಅದಕ್ಕೆ ಧೈರ್ಯದ ಪರೀಕ್ಷೆ. ಒಬ್ಬ ಸತ್ತಾಗ ಒಮ್ಮೆ, ಅರ್ಧದಷ್ಟು ಮಂದಿ ಉರುಳಿದಾಗ ಮತ್ತೊಮ್ಮೆ ಎರಡು ದಾಳ ಹಾಕಬೇಕು, ಮೊತ್ತ ಅವರ ಧೈರ್ಯದ ಅಂಕ ಮೀರಿದರೆ ಓಟ ಕೀಳುತ್ತಾರೆ. ಗಾಬ್ಲಿನ್‌ಗಳ (ಕುಳ್ಳ ದುಷ್ಟ ಜೀವಿಗಳ) ಅಂಕ 7, ಅಂದರೆ ಪ್ರತಿ ಪರೀಕ್ಷೆಯಲ್ಲಿ ಶೇ 42ರಷ್ಟು ಸಲ ಓಡುತ್ತವೆ. ಅಸ್ಥಿಪಂಜರದ ಅಂಕ 12, ಅದು ಓಡುವುದೇ ಇಲ್ಲ.

ಇಷ್ಟೂ ಆದ ಮೇಲೆ ಪುಸ್ತಕ ಬಾಯಿ ಮುಚ್ಚಿಕೊಂಡಿರುವ ಕಡೆ ಮಾತ್ರ ಒರೇಕಲ್ ಕೇಳಿ. ನಾನು ಒಂದು ಕೂತಿಕೆಯಲ್ಲಿ ಅದನ್ನು ಮುಟ್ಟುವುದೇ ಅಪರೂಪ.

ತಲೆಹರಟೆ_ಮಾಂತ್ರಿಕ

ಎಲ್ಲ ಸರಿ, ಆದರೆ ಇದು ಆಟವೋ, ಲೆಕ್ಕಪತ್ರವೋ? ದಾಳ ಹಾಕುವವನೂ ನೀನೇ, ಗಾಬ್ಲಿನ್ ಓಡಿಸುವವನೂ ನೀನೇ, ನಿಧಿ ಇಡುವವನೂ ಎತ್ತುವವನೂ ನೀನೇ. ಇದಕ್ಕಿಂತ ಕುಳಿತು ಒಂದು ಕಥೆ ಬರೆಯುವುದು ಲೇಸಲ್ಲವೇ?

ಗ್ರಾಫ್‌ಹಾಳೆ

ಕಥೆ ಬರೆಯುವಾಗ ಪಂಜು ಬೇಕಾದ ಕಡೆ ಆರುತ್ತದೆ, ಇಲ್ಲಿ ಆರಬಾರದ ಕಡೆ ಆರುತ್ತದೆ.

ಮೋಸದ ಪ್ರಶ್ನೆಗೆ ನನ್ನದು ಒಂದೇ ಕಟ್ಟಳೆ. ದಾಳ ಉರುಳಿಸುವ ಮೊದಲು ನನ್ನ ಪಾತ್ರಗಳು ಏನು ಮಾಡುತ್ತಿವೆ, ಯಾರು ಮುಂದಿದ್ದಾರೆ, ಯಾರ ಕೈಯಲ್ಲಿ ಬೆಳಕಿದೆ ಎಂಬುದನ್ನು ಬರೆದಿರಬೇಕು. ಬಲೆ ಇದೆ ಎಂದು ದಾಳ ಹೇಳಿದ ಮೇಲೆ "ನಾವು ಹುಷಾರಾಗಿ ಕಾಲಿಡುತ್ತಿದ್ದೆವು" ಎನ್ನುವ ಹಾಗಿಲ್ಲ. ಹುಡುಕುವುದಾದರೆ ಮೊದಲೇ ಹೇಳು, ಹತ್ತು ಅಡಿ ಚೌಕಕ್ಕೆ ಒಂದು ಟರ್ನ್ ತೆತ್ತು ಹುಡುಕು. ಹುಡುಕದೆ ನುಗ್ಗಿದರೂ ಬಲೆ ಪ್ರತಿ ಸಲ ಚಿಮ್ಮುವುದಿಲ್ಲ, ಆರರಲ್ಲಿ ಎರಡು ಸಾಧ್ಯತೆ ಅಷ್ಟೇ. ಈ ಚೌಕಾಸಿ ಒಬ್ಬನೇ ಕುಳಿತರೂ ಅಷ್ಟೇ ಕಾವೇರುತ್ತದೆ.

ಒಂಟಿ ಆಟದಲ್ಲಿ ಕೈಗೆಟುಕದವೂ ಇವೆ. ಒಗಟು ಸಾಧ್ಯವಿಲ್ಲ, ಉತ್ತರ ಗೊತ್ತಿದ್ದವನಿಗೆ ಅದು ಒಗಟೇ ಅಲ್ಲ. ಅರಮನೆಯ ಒಳಸಂಚು, ಕೊಲೆಗಾರನ ಪತ್ತೆ ಇಂಥವು ನನಗೆ ಎಂದೂ ಕೂಡಿಬಂದಿಲ್ಲ. ನಡೆಯುವುದು ಶೋಧನೆ: ಇನ್ನೊಂದು ಬಾಗಿಲು ತೆರೆಯುವುದೋ, ಇದ್ದುದನ್ನು ಹೊತ್ತು ಹಿಂದಿರುಗುವುದೋ.

ಹಳೆಯ_ಪೆಟ್ಟಿಗೆ

ಒಂಟಿ ಆಟ ಲಾಕ್‌ಡೌನ್ ಕಾಲದ ಹೊಸ ಹುಚ್ಚು ಎಂದು ಹಲವರು ತಿಳಿದಿದ್ದಾರೆ. ಅದು ಈ ಹವ್ಯಾಸದಷ್ಟೇ ಹಳೆಯದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಮೊದಲ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಬಂದದ್ದು 1974ರಲ್ಲಿ. ಅದನ್ನು ಪ್ರಕಟಿಸಿದ ಸಂಸ್ಥೆಯ ದಿ ಸ್ಟ್ರಾಟೆಜಿಕ್ ರಿವ್ಯೂ ಪತ್ರಿಕೆಯ ಮೊಟ್ಟಮೊದಲ ಸಂಚಿಕೆ 1975ರ ವಸಂತದಲ್ಲಿ ಹೊರಟಿತು. ಒಬ್ಬರೇ ನೆಲಮಾಳಿಗೆಯಲ್ಲಿ ತಿರುಗಾಡುವುದು ಹೇಗೆ ಎಂದು ಗೈಗ್ಯಾಕ್ಸ್ ಅದರಲ್ಲೇ ಪಟ್ಟಿಗಳನ್ನು ಕೊಟ್ಟಿದ್ದರು. ಅವೇ ಬೆಳೆದು 1979ರ ಡಂಜನ್ ಮಾಸ್ಟರ್ಸ್ ಗೈಡ್‌ನ ಮೊದಲ ಅನುಬಂಧವಾದವು.

ಆ ಅನುಬಂಧದ ಮೊದಲ ಪಟ್ಟಿಯನ್ನು ಒಮ್ಮೆ ನೋಡಬೇಕು. ಇಪ್ಪತ್ತು ಮುಖದ ದಾಳ ಹಾಕಿ. 1 ಅಥವಾ 2 ಆದರೆ ಹಾದಿ ನೇರ, 3ರಿಂದ 5 ಬಾಗಿಲು, 6ರಿಂದ 10 ಅಡ್ಡ ಹಾದಿ, 11ರಿಂದ 13 ತಿರುವು, 14ರಿಂದ 16 ದೊಡ್ಡ ಕೋಣೆ, 17 ಮೆಟ್ಟಿಲು, 18 ಮುಂದೆ ದಾರಿಯೇ ಇಲ್ಲ, 19 ಬಲೆ ಅಥವಾ ಕೈಚಳಕ, 20 ಅಲೆದಾಡುವ ಜೀವಿ. ಅಡ್ಡ ಹಾದಿಗೆ ಕಾಲು ಭಾಗ ಕೊಟ್ಟಿರುವುದರಿಂದ ನಕ್ಷೆ ಬೆಳೆಯುತ್ತಲೇ ಹೋಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಗುತ್ತಿಗೆದಾರ ಅರ್ಧಕ್ಕೆ ಬಿಟ್ಟು ಓಡಿದ ವಾಣಿಜ್ಯ ಸಂಕೀರ್ಣದಂತೆ ಕಾಣುತ್ತದೆ. ಅದರ ಕೋಣೆಗಳೂ ಶೇ 60 ಖಾಲಿ. ನನಗೆ ಆ ಶೂನ್ಯವೇ ಇಷ್ಟ, ಎಲ್ಲರಿಗೂ ಹಿಡಿಸಲಿಕ್ಕಿಲ್ಲ.

ಇತ್ತ ಅರಿಜೋನಾದ ಕೆನ್ ಸೇಂಟ್ ಆಂಡ್ರೆ 1975ರಲ್ಲೇ ಟನಲ್ಸ್ ಆಂಡ್ ಟ್ರೋಲ್ಸ್ ಎಂಬ ಆಟ ಮಾಡಿದರು. ಸಾಮಾನ್ಯ ಆರು ಮುಖದ ದಾಳಗಳೇ ಅದಕ್ಕೆ ಸಾಕು. ಫ್ಲೈಯಿಂಗ್ ಬಫಲೋ ಸಂಸ್ಥೆಯ ರಿಕ್ ಲೂಮಿಸ್ ಆ ಆಟಕ್ಕೆ 1976ರಲ್ಲಿ ಬಫಲೋ ಕ್ಯಾಸಲ್ ಎಂಬ ಒಂಟಿ ಸಾಹಸ ಬರೆದರು. ಸಂಖ್ಯೆ ಹಾಕಿದ ಪರಿಚ್ಛೇದಗಳ ನಡುವೆ ಜಿಗಿಯುತ್ತಾ ಆಡುವ ಪುಸ್ತಕ ಅದು. ನಮ್ಮಲ್ಲಿ ಹಲವರು ಶಾಲೆಯಲ್ಲಿದ್ದಾಗ ಕೈಬದಲಾಯಿಸಿಕೊಂಡು ಓದಿದ ಸ್ಟೀವ್ ಜಾಕ್ಸನ್ ಮತ್ತು ಇಯಾನ್ ಲಿವಿಂಗ್‌ಸ್ಟನ್ ಅವರ ಫೈಟಿಂಗ್ ಫ್ಯಾಂಟಸಿ ಸರಣಿ ಶುರುವಾದದ್ದು ಅದಾದ ಎಷ್ಟೋ ಕಾಲಕ್ಕೆ, 1982ರಲ್ಲಿ. ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನ 1983ರ ಕೆಂಪು ಪೆಟ್ಟಿಗೆಯ ಬೇಸಿಕ್ ಸೆಟ್ ಕೂಡ ಆಟ ಕಲಿಸಲು ತೊಡಗುವುದು ಒಂಟಿ ಸಾಹಸದಿಂದಲೇ. ಅದೇ ವರ್ಷದ ಬ್ಲಿಜರ್ಡ್ ಪಾಸ್ ಎಂಬ ಸಾಹಸದಲ್ಲಂತೂ ಉತ್ತರಗಳು ಅದೃಶ್ಯ ಶಾಯಿಯಲ್ಲಿದ್ದವು, ವಿಶೇಷ ಪೆನ್ನಿನಿಂದ ಉಜ್ಜಿದರೆ ಮಾತ್ರ ಕಾಣುತ್ತಿದ್ದವು. ಬಾಗಿಲಿನ ಆಚೆ ಏನಿದೆ ಎಂದು ಆಡುವವನಿಂದಲೇ ಮುಚ್ಚಿಡುವುದು ಹೇಗೆ ಎಂಬ ಪ್ರಶ್ನೆ ಅವರನ್ನೂ ಕಾಡಿತ್ತು.

ಕಂದೀಲು ಅವರಿಗೆ ಒಂದು ಸಲಹೆ. ನಕ್ಷೆಯನ್ನು ದಾಳಕ್ಕೆ ಬಿಡುವುದಕ್ಕಿಂತ ಮೈಕ್ ಕಾರ್ ಬರೆದ ಇನ್ ಸರ್ಚ್ ಆಫ್ ದಿ ಅನ್‌ನೋನ್ ಎಂಬ ಸಿದ್ಧ ಸಾಹಸ ತೆಗೆದುಕೊಳ್ಳಿ. ಹೊಸ ಡಂಜನ್ ಮಾಸ್ಟರ್‌ಗಳಿಗೆ ಪಾಠವಾಗಲೆಂದು ಅದರ ಕೋಣೆಗಳಲ್ಲಿ ಜೀವಿ ಮತ್ತು ನಿಧಿಯ ಜಾಗವನ್ನು ಖಾಲಿ ಬಿಟ್ಟು, ಪಟ್ಟಿಗಳನ್ನು ಕೊನೆಯಲ್ಲಿ ಕೊಟ್ಟಿದ್ದಾರೆ. ಕೋಣೆಗೆ ಕಾಲಿಟ್ಟ ಮೇಲೆ ಪಟ್ಟಿಯಿಂದ ದಾಳ ಹಾಕಿ ಆರಿಸಿಕೊಂಡರೆ ನಕ್ಷೆಗೆ ನಕ್ಷೆಯೂ ಇದೆ, ಅನಿರೀಕ್ಷಿತವೂ ಇದೆ.

ನಾಲ್ಕು_ಕವಡೆ

ಪ್ರತಿಕ್ರಿಯೆಯ ಪಟ್ಟಿಯ ಮಾತು ಬಂದದ್ದರಿಂದ ಹೇಳುತ್ತೇನೆ. ನಾನು ಅದಕ್ಕೆ ಚೌಕಾಬಾರದ ನಾಲ್ಕು ಕವಡೆಗಳನ್ನೇ ಎಸೆಯುತ್ತೇನೆ. ತಮಾಷೆಗಲ್ಲ, ಲೆಕ್ಕ ಹೊಂದುತ್ತದೆ.

ಬೇಸಿಕ್ ನಿಯಮದ ಪಟ್ಟಿಯಲ್ಲಿ ಐದು ಮೆಟ್ಟಿಲು. ಎರಡು ದಾಳಗಳ ಮೊತ್ತ 2 ಆದರೆ ನೇರ ದಾಳಿ, 3ರಿಂದ 5 ಹಗೆತನ, 6ರಿಂದ 8 ಅನುಮಾನ, 9ರಿಂದ 11 ದಾಳಿಯಿಲ್ಲ, 12 ಆದರೆ ಸ್ನೇಹ. ಸಾಧ್ಯತೆಗಳು 36ರಲ್ಲಿ ಕ್ರಮವಾಗಿ 1, 9, 16, 9, 1. ನಾಲ್ಕು ಕವಡೆ ಎಸೆದರೂ ಐದೇ ಫಲ: ಎಲ್ಲ ಬೋರಲು, ಒಂದು ಮೇಲೆ, ಎರಡು, ಮೂರು, ನಾಲ್ಕೂ ಮೇಲೆ. ಸಾಧ್ಯತೆಗಳು 16ರಲ್ಲಿ 1, 4, 6, 4, 1. ಹಗೆತನವೂ ದಾಳಿಯಿಲ್ಲದ ಮೆಟ್ಟಿಲೂ ಎರಡು ಕಡೆಯೂ ಸರಿಯಾಗಿ ಶೇ 25. ನಡುವಿನದು ಶೇ 44ರಿಂದ 37.5ಕ್ಕೆ ಇಳಿಯುತ್ತದೆ. ತುದಿಯ ಎರಡು ಶೇ 3ಕ್ಕಿಂತ ಕಡಿಮೆ ಇದ್ದದ್ದು ಶೇ 6ರ ಮೇಲೆ ಹೋಗುತ್ತವೆ. ಅಂದರೆ ಗಾಬ್ಲಿನ್ ಒಮ್ಮೆಗೇ ಮೈಮೇಲೆ ಬೀಳುವುದೂ, ಒಮ್ಮೆಗೇ ತಬ್ಬಿಕೊಳ್ಳುವುದೂ ತುಸು ಹೆಚ್ಚು. ಒಬ್ಬನೇ ಆಡುವಾಗ ಆ ಹೆಚ್ಚಳ ನನಗೆ ಬೇಕು.

ತಲೆಹರಟೆ_ಮಾಂತ್ರಿಕ

ಕವಡೆ ನಾಣ್ಯವಲ್ಲ ಸ್ವಾಮಿ. ಅದರ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಎರಡು ಕಡೆಗೂ ಸಮನಾಗಿ ಬೀಳುತ್ತದೆ ಎಂದು ಯಾರು ಹೇಳಿದರು? ನಿಮ್ಮ 16ರ ಲೆಕ್ಕ ಕಾಗದದ ಮೇಲೆ ಮಾತ್ರ ಸರಿ.

ನಾಲ್ಕು_ಕವಡೆ

ಅದಕ್ಕೇ ಒಂದು ಬದಿ ತೇಯ್ದ ಹುಣಸೆ ಬೀಜ ಇಟ್ಟುಕೊಂಡವರೂ ಇದ್ದಾರೆ, ಅದೂ ಪೂರ್ತಿ ನಂಬುವ ಹಾಗಿಲ್ಲ. ಒಂದೇ ಬಗೆಯ ನಾಲ್ಕು ನಾಣ್ಯ ಎಸೆಯಿರಿ, ಲೆಕ್ಕ ತಪ್ಪುವುದಿಲ್ಲ. ಇನ್ನು ನನ್ನ ಕವಡೆಗಳ ಗಾಬ್ಲಿನ್‌ಗಳು ಪುಸ್ತಕದವುಗಳಿಗಿಂತ ಸ್ವಲ್ಪ ಸಿಡುಕಿನವಾದರೆ ಆಗಲಿ, ಅವು ನನ್ನ ನೆಲಮಾಳಿಗೆಯವು.

ಕಂದೀಲು

ಗ್ರಾಫ್‌ಹಾಳೆ ಅವರು ಹೇಳಿದ ಕ್ರಮದಲ್ಲೇ ಆಡಿದೆ. ಯೋಧ, ಪಾದ್ರಿ, ಕಳ್ಳಿ, ಪಂಜು ಹಿಡಿಯಲು ಒಬ್ಬ ಬಾಡಿಗೆ ಸಹಾಯಕ. ಒಳಗೆ ಕಾಲಿಟ್ಟು ಎರಡನೆಯ ಟರ್ನ್‌ಗೇ ದಾಳದಲ್ಲಿ 1. ಐದು ಗಾಬ್ಲಿನ್. ಎರಡೂ ಕಡೆ ಯಾರೂ ಬೆಚ್ಚಲಿಲ್ಲ. ಪ್ರತಿಕ್ರಿಯೆ 7, ಅನುಮಾನ. ನಾನು ಯುದ್ಧಕ್ಕೆ ಸಿದ್ಧನಾಗಿದ್ದೆ, ದಾಳ ಸಿದ್ಧವಿರಲಿಲ್ಲ! ಬುತ್ತಿಯ ಒಂದು ಗಂಟು ಅವುಗಳತ್ತ ಎಸೆದೆ ಎಂದು ಬರೆದು ಮತ್ತೆ ದಾಳ ಹಾಕಿದೆ. 9 ಬಿತ್ತು. ತಿನ್ನತೊಡಗಿದವು.

ಇಲ್ಲಿ ಪುಸ್ತಕದಲ್ಲಿ ಉತ್ತರ ಇರಲಿಲ್ಲ, ಹಾಗಾಗಿ ಒರೇಕಲ್ ಕೇಳಿದೆ: ಇವುಗಳನ್ನು ಇವುಗಳ ಗುಂಪೇ ಹೊರಗಟ್ಟಿದೆಯೇ? ಹೌದು. ಅಷ್ಟು ಒಂದೇ ಉತ್ತರದಿಂದ ಕೆಳಗೆ ಎಲ್ಲೋ ಇವುಗಳ ಶತ್ರುಗಳಿದ್ದಾರೆ ಎಂದಾಯಿತು, ಆಟಕ್ಕೆ ಒಂದು ದಿಕ್ಕು ಸಿಕ್ಕಿತು. ನಾನಾಗಿ ಯೋಚಿಸಿದ್ದರೆ ಅದು ಹೊಳೆಯುತ್ತಿರಲಿಲ್ಲ.

ಆಮೇಲೆ ಒಂದು ಪೆಟ್ಟಿಗೆ. ಕಳ್ಳಿ ಬಲೆ ಹುಡುಕಿದಳು, ಮೊದಲ ಹಂತದಲ್ಲಿ ಅವಳ ಸಾಮರ್ಥ್ಯ ಶೇ 10. ಸಿಗಲಿಲ್ಲ. ತೆರೆದಳು. ವಿಷದ ಸೂಜಿ. ಬದುಕಲು ಇಪ್ಪತ್ತು ಮುಖದ ದಾಳದಲ್ಲಿ 13 ಅಥವಾ ಹೆಚ್ಚು ಬೇಕಿತ್ತು, 9 ಬಿತ್ತು. ಪೆಟ್ಟಿಗೆಯಲ್ಲಿ ಚಿನ್ನ ಇತ್ತು, ಅವಳು ಇರಲಿಲ್ಲ. ದಾಳವನ್ನು ಮತ್ತೊಮ್ಮೆ ಹಾಕಲು ಕೈ ತುರಿಸಿತು. ಯಾರೂ ನೋಡುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ನೀವು ಏನು ಮಾಡುತ್ತೀರಿ?

ಗ್ರಾಫ್‌ಹಾಳೆ

ಸಾಯಲಿ. ಹೊಸ ಪಾತ್ರ ಮಾಡಲು ಐದು ನಿಮಿಷ ಸಾಕು, ಹಳೆಯ ನಿಯಮದ ಔದಾರ್ಯವೇ ಅದು.

ಒಂಟಿ_ಸಲಗ

ಸಾಯಲಿ ಎನ್ನುವುದು ನಾಲ್ಕೈದು ಮಂದಿಯ ತಂಡ ಇದ್ದಾಗ ನಡೆಯುತ್ತದೆ. ನನಗೆ ತಂಡ ನಡೆಸಲು ಇಷ್ಟವಿಲ್ಲ, ಒಬ್ಬನೇ ಒಬ್ಬ ವೀರ ಬೇಕು. ಮೊದಲ ಹಂತದ ಮಾಂತ್ರಿಕನಿಗೆ ಸಾಮಾನ್ಯವಾಗಿ ಹೆಚ್ಚೆಂದರೆ ನಾಲ್ಕು ಹಿಟ್ ಪಾಯಿಂಟ್ (ಜೀವದ ಅಂಕ), ಒಂದು ಮಂತ್ರ. ಅಂಥವನನ್ನು ಒಂಟಿಯಾಗಿ ಕೆಳಗಿಳಿಸುವುದು ಸಾಹಸವಲ್ಲ, ಶವಯಾತ್ರೆ.

ಇದಕ್ಕೆ ಕೆವಿನ್ ಕ್ರಾಫರ್ಡ್ ಅವರದ್ದು ಜಾಣ ಪರಿಹಾರ. ಬ್ಲ್ಯಾಕ್ ಸ್ಟ್ರೀಮ್ಸ್: ಸೋಲೊ ಹೀರೋಸ್ ಎಂಬ ಉಚಿತ ಕಿರುಹೊತ್ತಗೆಯಲ್ಲಿದೆ, 2014ರ ಸ್ಕಾರ್ಲೆಟ್ ಹೀರೋಸ್‌ನಲ್ಲಿ ವಿಸ್ತಾರವಾಗಿದೆ. ಏಟಿನ ದಾಳವನ್ನು ಹಾಗೆಯೇ ಕಳೆಯಬೇಡಿ. 1 ಬಿದ್ದರೆ ಏಟೇ ಇಲ್ಲ, 2ರಿಂದ 5 ಬಿದ್ದರೆ ಒಂದು, 6ರಿಂದ 9 ಎರಡು, 10 ಅಥವಾ ಮೇಲೆ ನಾಲ್ಕು ಎಂದು ಓದಿ. ನಾಯಕನಿಗೆ ಅದು ಹಿಟ್ ಪಾಯಿಂಟ್ ಲೆಕ್ಕ, ಶತ್ರುವಿಗೆ ಹಿಟ್ ಡೈಸ್ (ಅದರ ಬಲದ ಅಳತೆ) ಲೆಕ್ಕ. ಅಂದರೆ ನಾಯಕನ ಒಂದು ಏಟಿಗೆ ಗಾಬ್ಲಿನ್ ಒಂದು ಉರುಳುತ್ತದೆ. ಜೊತೆಗೆ ಪ್ರತಿ ಸುತ್ತಿನಲ್ಲಿ ಸುತ್ತಲಿನ ಕ್ಷುದ್ರ ಶತ್ರುಗಳನ್ನು ಸವರಿಹಾಕುವ ಇನ್ನೊಂದು ದಾಳ. ಹಳೆಯ ಸಾಹಸ ಪುಸ್ತಕಗಳನ್ನು ಒಂದಕ್ಷರ ಬದಲಿಸದೆ ಒಬ್ಬನೇ ಆಡಬಹುದು.

ಗ್ರಾಫ್‌ಹಾಳೆ

ಜಾಣತನ ಹೌದು. ಆದರೆ ಅದರಿಂದ ಆಟ ಕಾಳಗದ ಕಡೆ ವಾಲುತ್ತದೆ ಎಂಬುದು ನನ್ನ ತಕರಾರು. ಬೇಸಿಕ್ ನಿಯಮದಲ್ಲಿ ಯೋಧ ಎರಡನೆಯ ಹಂತಕ್ಕೆ ಏರಲು 2,000 ಅನುಭವಾಂಕ ಬೇಕು. ಒಂದು ಗಾಬ್ಲಿನ್ ಕೊಂದರೆ ಸಿಗುವುದು 5. ಒಬ್ಬನೇ ಕೊಂದು ಏರುವುದಾದರೆ ನಾನೂರು ಗಾಬ್ಲಿನ್! ಹೊರಗೆ ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದೊಂದು ಅಂಕ ಇದೆ. ಹಾಗಾಗಿ ಹೊಡೆದಾಡುವವನು ದಡ್ಡ, ಬುತ್ತಿ ಎಸೆದು ದಾಟುವವನು ಜಾಣ. ಕಂದೀಲು ಅವರ ಗಾಬ್ಲಿನ್ ಪ್ರಸಂಗವೇ ಸರಿಯಾದ ಆಟ.

ಒಂಟಿ_ಸಲಗ

ನಿಮ್ಮ ಜಾಣರು ಲೆಕ್ಕಿಗರಾಗಿ ಬಾಳಲಿ. ನನ್ನ ವೀರ ಕತ್ತಿ ಹಿರಿಯಲಿ.

ಹೌದು_ಆದರೆ

ಒರೇಕಲ್‌ಗೆ ಇಷ್ಟೊಂದು ಬೈಗುಳ ಏಕೆ? ತಾನಾ ಪಿಜನ್ ಅವರ ಮಿಥಿಕ್ ಎಂಬ ಒರೇಕಲ್ ಪದ್ಧತಿಯನ್ನು ಸರಿಯಾಗಿ ಬಳಸಿದವರು ಹೀಗೆ ಹೇಳುವುದಿಲ್ಲ. ಅದು ಬರೀ ಹೌದು, ಇಲ್ಲ ಎನ್ನುವ ನಾಣ್ಯವಲ್ಲ. ಗೊಂದಲದ ಅಂಕ ಒಂದಿದೆ, 5ರಿಂದ ಶುರು. ಪರಿಸ್ಥಿತಿ ಕೈಮೀರಿದಂತೆ ಏರುತ್ತದೆ, ಹಿಡಿತಕ್ಕೆ ಬಂದಂತೆ ಇಳಿಯುತ್ತದೆ. ನೂರರ ದಾಳದಲ್ಲಿ 33, 44 ಎಂದು ಜೋಡಿ ಅಂಕೆ ಬಿದ್ದು, ಆ ಅಂಕೆ ಗೊಂದಲದ ಅಂಕವನ್ನು ಮೀರದಿದ್ದರೆ, ಕೇಳಿದ್ದಕ್ಕೆ ಉತ್ತರದ ಜೊತೆ ಕೇಳದ ಘಟನೆಯೂ ನಡೆಯುತ್ತದೆ. ಪ್ರತಿ ದೃಶ್ಯದ ಆರಂಭದಲ್ಲೂ ನೀವು ಎಣಿಸಿದ್ದೇ ನಡೆಯುತ್ತದೆಯೇ, ಬದಲಾಗುತ್ತದೆಯೇ ಎಂದು ದಾಳ ಹಾಕಬೇಕು. ಊಹಿಸಿದಂತೆಯೇ ನಡೆಯುತ್ತದೆ ಎಂಬ ದೂರಿಗೆ ಅದರಲ್ಲೇ ಮದ್ದಿದೆ.

ನನಗೆ ನೆಲಮಾಳಿಗೆಗಿಂತ ಊರು ಮುಖ್ಯ. ಸತ್ತ ಕಳ್ಳಿಗೆ ಮನೆಯವರು ಯಾರಾದರೂ ಇದ್ದಾರೆಯೇ, ಅವಳ ಪಾಲಿನ ಚಿನ್ನ ಯಾರಿಗೆ, ಇದನ್ನು ಪಂಜಿನ ಲೆಕ್ಕ ಹೇಳುವುದಿಲ್ಲ.

ಗ್ರಾಫ್‌ಹಾಳೆ

ಊರಿಗೆ ಒಪ್ಪಿದೆ. ಮೆಟ್ಟಿಲು ಇಳಿದ ಮೇಲೆ ಪುಸ್ತಕದ ಮಾತೇ ನಡೆಯಬೇಕು.

ಕಂದೀಲು

ಕಳ್ಳಿಯ ಮನೆಯವರ ವಿಷಯ ಕೇಳುತ್ತೇನೆ, ಆ ಪ್ರಶ್ನೆ ನನಗೆ ತೋಚಿರಲಿಲ್ಲ.

ಈಗ ತಂಡ ಕಾಡು ಹಾದು ಮುಂದಿನ ಊರಿಗೆ ಹೋಗಬೇಕು. ಆರು ಮೈಲಿಯ ಷಟ್ಕೋನಗಳ ನಕ್ಷೆ ಮಾಡಿಕೊಂಡಿದ್ದೇನೆ. ಕಾಡಿನಲ್ಲಿ ದಾರಿ ತಪ್ಪುವ ಸಾಧ್ಯತೆ ಆರರಲ್ಲಿ ಎರಡು ಎಂದು ಪುಸ್ತಕ ಹೇಳುತ್ತದೆ. ನಕ್ಷೆ ನನ್ನ ಮೇಜಿನ ಮೇಲೇ ಇರುವಾಗ ನಾನು ದಾರಿ ತಪ್ಪುವುದು ಹೇಗೆ?

ಹಳೆಯ_ಪೆಟ್ಟಿಗೆ

ತಪ್ಪುವುದು ಪಾತ್ರಗಳು, ನೀವಲ್ಲ. ಬೆಳಿಗ್ಗೆ ಹೊರಡುವಾಗಲೇ ಯಾವ ದಿಕ್ಕಿಗೆ ಹೋಗುತ್ತೀರಿ ಎಂದು ಬರೆದಿಡಿ. ದಾರಿ ತಪ್ಪಿತು ಎಂದು ದಾಳ ಹೇಳಿದರೆ ನಿಜವಾದ ದಿಕ್ಕನ್ನು ಆರು ಮುಖದ ದಾಳದಿಂದ ಆರಿಸಿ, ಷಟ್ಕೋನಕ್ಕೆ ಆರೇ ಬದಿ. ಆ ದಿನ ಪೂರ್ತಿ ಆ ದಿಕ್ಕಿಗೇ ನಡೆಯಿರಿ, ಮಧ್ಯದಲ್ಲಿ ತಿದ್ದುವ ಹಾಗಿಲ್ಲ. ಇನ್ನೊಂದು ದಾರಿ, ನಕ್ಷೆಯನ್ನೇ ಮೊದಲು ಮಾಡದಿರುವುದು. ಒಂದೊಂದು ಷಟ್ಕೋನಕ್ಕೆ ಕಾಲಿಟ್ಟಾಗ ಅಲ್ಲಿ ಏನಿದೆ ಎಂದು ದಾಳ ಹಾಕಿ. ಆಗ ನಿಮಗೂ ಗೊತ್ತಿರುವುದಿಲ್ಲ.

ಕಂದೀಲು

ಎರಡನೆಯದೇ ಹಿಡಿಸಿತು. ಕೊನೆಯದಾಗಿ ಪಂಜು ಹಿಡಿದವನ ವಿಷಯ. ಪೆಟ್ಟಿಗೆಯ ಚಿನ್ನದಲ್ಲಿ ಅವನಿಗೂ ಅನುಭವಾಂಕ ಉಂಟೇ?

ಗ್ರಾಫ್‌ಹಾಳೆ

ಸಹಾಯಕನಾಗಿ ಕರೆತಂದಿದ್ದರೆ ಉಂಟು, ಅವನ ಪಾಲಿನ ಅರ್ಧ. ಸಾಹಸ ಮುಗಿದ ಮೇಲೆ ಅವನ ನಿಷ್ಠೆಯ ಪರೀಕ್ಷೆಗೂ ದಾಳ ಹಾಕಿ. ಕರೆತಂದವನ ವರ್ಚಸ್ಸಿನ ಅಂಕ 9ರಿಂದ 12ರ ನಡುವೆ ಇದ್ದರೆ ನಿಷ್ಠೆಯ ಅಂಕ 7. ಜೊತೆಗಾತಿ ಕಣ್ಣೆದುರೇ ಸತ್ತದ್ದನ್ನು ನೋಡಿದವನು, ಕೂಲಿ ಧಾರಾಳವಾಗಿ ಕೊಡಿ.

ತಲೆಹರಟೆ_ಮಾಂತ್ರಿಕ

ಅವನು ಬಿಟ್ಟುಹೋದರೆ ತಿಳಿಸಿ, ನನ್ನ ಬಳಿ ಎರಡು ಜೊತೆ ದಾಳ ಸುಮ್ಮನೆ ಬಿದ್ದಿವೆ. ಇಳಿದು ನೋಡಬೇಕೆನಿಸುತ್ತಿದೆ. ಪಂಜಿಗೆ ಎಷ್ಟು ಖರ್ಚಾಗುತ್ತದೆ?

ಗ್ರಾಫ್‌ಹಾಳೆ

ಆರು ಪಂಜಿನ ಕಟ್ಟು ಒಂದು ಚಿನ್ನದ ನಾಣ್ಯ. ಮಾಂತ್ರಿಕನಾಗಿ ಇಳಿಯುವುದಾದರೆ ನಿದ್ರೆಯ ಮಂತ್ರ ಆರಿಸಿಕೊಳ್ಳಿ, ಬೇರೆ ಯಾವುದೂ ಬೇಡ.